ನೀರ ಮೇಲಿನ ಸ್ಕೀ: ಜಾಕೆಟ್, ಹಗ್ಗ, ದೋಣಿ, ಬಿಸಿಲು

ವಾಟರ್ ಸ್ಕೀಯಿಂಗ್ ಎಂದರೆ ಕಾಲಿಗೆ ಸ್ಕೀ ಎಂಬ ಉದ್ದ ಹಲಗೆ ತೊಟ್ಟು, ಮೋಟಾರು ದೋಣಿ ಎಳೆಯುವ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಆಟ. ಅದನ್ನು ಕಲಿಯಲು ಹೊರಟವರು ಮೊದಲು ಕೇಳುವುದು ಯಾವ ಸ್ಕೀ ಒಳ್ಳೆಯದು ಅಂತ. ಆಮೇಲೆ ದೋಣಿಯ ಎಂಜಿನ್ ಎಷ್ಟು ಹಾರ್ಸ್‌ಪವರ್ ಅಂತ. ಲೈಫ್ ಜಾಕೆಟ್ ವಿಚಾರ ಬಂದಾಗ ಮಾತ್ರ ಸೀಟಿನಡಿ ಕೈಗೆ ಸಿಕ್ಕಿದ್ದೇ ಆಯಿತು. ಈ ಕ್ರಮ ತಲೆಕೆಳಗು. ಸ್ಕೀ ಸರಿಯಿಲ್ಲದಿದ್ದರೆ ನಾಲ್ಕು ಸಲ ಬೀಳುತ್ತೀರಿ, ಅಷ್ಟೇ. ಜಾಕೆಟ್ ಸರಿಯಿಲ್ಲದಿದ್ದರೆ ಒಂದು ಸಲ ಬಿದ್ದರೂ ಸಾಕು.

ಜಾಕೆಟ್ಟನ್ನು ಅಳೆಯುವುದು ಎದೆಯ ಸುತ್ತಳತೆಯಿಂದ. ಹಾಕಿಕೊಂಡು ಎಲ್ಲ ಬಕಲ್‌ಗಳನ್ನೂ ಬಿಗಿದು ಎರಡೂ ಕೈ ಮೇಲೆತ್ತಿ. ಇನ್ನೊಬ್ಬರು ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಜಾಕೆಟ್ ಗಲ್ಲದವರೆಗೆ ಜಾರಿ ಬಂದರೆ ಅದು ದೊಡ್ಡದಾಯಿತು. ಬಿದ್ದಾಗ ನೀರಿನ ರಭಸ ಅದನ್ನು ತಲೆಯ ಮೇಲಿಂದಲೇ ಕಿತ್ತುಹಾಕಬಹುದು. ವಯಸ್ಕರ ಸ್ಕೀ ಜಾಕೆಟ್ ಕನಿಷ್ಠ 70 ನ್ಯೂಟನ್, ಅಂದರೆ ಸುಮಾರು 7 ಕೆ.ಜಿ. ಭಾರವನ್ನು ಎತ್ತಿ ಹಿಡಿಯುವಷ್ಟು ತೇಲುವ ಬಲ ಕೊಡಬೇಕು. 80 ಕೆ.ಜಿ. ಮನುಷ್ಯನಿಗೆ 7 ಕೆ.ಜಿ. ಎಲ್ಲಿ ಸಾಕು ಅನ್ನಿಸಬಹುದು. ಆದರೆ ಮೈಯ ಬಹುಪಾಲು ಭಾರವನ್ನು ನೀರೇ ಹೊತ್ತಿರುತ್ತದೆ. ಜಾಕೆಟ್ ಹೊರಬೇಕಾದದ್ದು ನೀರಿನಿಂದ ಮೇಲಿರುವ ತಲೆಯಷ್ಟನ್ನು. ಗ್ಯಾಸ್ ತುಂಬಿ ಊದಿಕೊಳ್ಳುವ ತೆಳು ಜಾಕೆಟ್ ಈ ಆಟಕ್ಕೆ ಬೇಡವೇ ಬೇಡ. ವೇಗದಲ್ಲಿ ನೀರಿಗೆ ಅಪ್ಪಳಿಸುವ ಪೆಟ್ಟನ್ನು ಲೆಕ್ಕಕ್ಕೆ ಹಿಡಿದು ಮಾಡಿದ್ದಲ್ಲ ಅದು. ಸ್ಪರ್ಧಿಗಳು ಹಾಕುವ ತೆಳ್ಳನೆಯ ವೆಸ್ಟ್‌ಗಳಲ್ಲೂ ಕೆಲವು ಬರೀ ಪೆಟ್ಟು ತಡೆಯಲು ಇರುವಂಥವು, ತೇಲಿಸಲು ಅಲ್ಲ. ಒಳಗಿನ ಲೇಬಲ್ ಓದಿಯೇ ಕೊಳ್ಳಿ. ಇನ್ನೊಂದು ಮಾತು: ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸುವ ಖಾತರಿ ಸ್ಕೀ ಜಾಕೆಟ್‌ಗೆ ಇಲ್ಲ. ಬಿದ್ದವರ ಹತ್ತಿರ ದೋಣಿ ಬೇಗ ತಲುಪಬೇಕು ಅನ್ನುವುದು ಇದೇ ಕಾರಣಕ್ಕೆ.

ಬೀಳುವ ಪೆಟ್ಟು ಎಷ್ಟಿರುತ್ತದೆ? ಗಂಟೆಗೆ 36 ಕಿ.ಮೀ. ಎಂದರೆ ಸುಮಾರು 5 ಮೀಟರ್ ಎತ್ತರದಿಂದ ಬಿದ್ದಾಗ ಮೈಗೆ ಬರುವ ವೇಗ. 54 ಕಿ.ಮೀ. ಆದರೆ ಹನ್ನೊಂದೂವರೆ ಮೀಟರ್, ಒಂದು ತೆಂಗಿನ ಮರದಷ್ಟು. ಪುಣ್ಯಕ್ಕೆ ಸ್ಕೀ ಮಾಡುವವರು ಬೀಳುವುದು ಓರೆಯಾಗಿ, ನೀರಿನ ಮೇಲೆ ಜಾರುತ್ತಾ ವೇಗ ಕಳೆದುಕೊಳ್ಳುತ್ತಾರೆ. ಹಾಗಿದ್ದರೂ ಕಿವಿಯ ತಮಟೆ ಹರಿಯುವಷ್ಟು ಒತ್ತಡ ಬೀಳಬಹುದು. ಮುಜುಗರಕ್ಕೆ ಯಾರೂ ಬಾಯಿಬಿಟ್ಟು ಹೇಳದ ಅಪಾಯ ಇನ್ನೊಂದಿದೆ. ಕಾಲು ಅಗಲಿಸಿ ಕುಳಿತ ಭಂಗಿಯಲ್ಲಿ ಬಿದ್ದರೆ ನೀರು ರಭಸದಿಂದ ಗುದದ್ವಾರಕ್ಕೋ ಯೋನಿಗೋ ನುಗ್ಗಿ ಒಳಗೆ ಗಾಯ ಮಾಡಬಲ್ಲದು. ಸಾಧಾರಣ ಈಜುಡುಗೆ ಇದನ್ನು ತಡೆಯುವುದಿಲ್ಲ. ನಿಯೋಪ್ರೀನ್ ಎಂಬ ದಪ್ಪ ರಬ್ಬರಿನ ಚಡ್ಡಿ ಅಥವಾ ಅದರದೇ ಮೈಗಂಟುವ ಉಡುಪಾದ ವೆಟ್‌ಸೂಟ್ ತಡೆಯುತ್ತದೆ. ಹೆಣ್ಣುಮಕ್ಕಳಿಗೆ ಮೊದಲ ದಿನವೇ ಇದನ್ನು ಹೇಳಿ ತೊಡಿಸಬೇಕು.

ಇನ್ನು ಸ್ಕೀ. ಈ ಆಟ ಹುಟ್ಟಿದ್ದು ಅಮೆರಿಕದ ಮಿನ್ನೆಸೋಟದಲ್ಲಿ, ಮಿಸಿಸಿಪ್ಪಿ ನದಿ ಅಗಲವಾಗಿ ಕೆರೆಯಂತೆ ಹರಡಿಕೊಳ್ಳುವ ಲೇಕ್ ಪೆಪಿನ್‌ನಲ್ಲಿ. 1922ರ ಬೇಸಿಗೆಯಲ್ಲಿ ರಾಲ್ಫ್ ಸ್ಯಾಮುಯೆಲ್ಸನ್ ಎಂಬ 18ರ ಹುಡುಗ ಪೀಪಾಯಿಯ ಹಲಗೆ ಕಟ್ಟಿಕೊಂಡು ನೋಡಿದ, ಹಿಮದ ಸ್ಕೀ ಕಟ್ಟಿಕೊಂಡು ನೋಡಿದ, ಎರಡೂ ಮುಳುಗಿದವು. ಕಡೆಗೆ 8 ಅಡಿ ಉದ್ದ, 9 ಇಂಚು ಅಗಲದ ಪೈನ್ ಹಲಗೆಗಳ ತುದಿಯನ್ನು ಬಿಸಿನೀರಲ್ಲಿ ಬೇಯಿಸಿ ಬಾಗಿಸಿದ. ಜುಲೈ 2ರಂದು, ತುದಿಗಳನ್ನು ನೀರಿನಿಂದ ಮೇಲಕ್ಕೆತ್ತಿ ಹಿಂದಕ್ಕೆ ವಾಲಿದಾಗ ಎದ್ದು ನಿಂತ. ಇಡೀ ಗುಟ್ಟು ಇರುವುದು ಆ ತುದಿಯಲ್ಲಿ. ಹಲಗೆ ಓರೆಯಾಗಿದ್ದರೆ ಎದುರು ಬರುವ ನೀರನ್ನು ಕೆಳಕ್ಕೆ ತಳ್ಳುತ್ತದೆ, ನೀರು ಹಲಗೆಯನ್ನು ಮೇಲಕ್ಕೆ ತಳ್ಳುತ್ತದೆ. ತುದಿ ಮುಳುಗಿತೋ, ಅದೇ ಹಲಗೆ ನಿಮ್ಮನ್ನು ನೀರೊಳಗೆ ಎಳೆಯುವ ನೇಗಿಲಾಗುತ್ತದೆ.

ಈ ಎತ್ತುವ ಬಲ ಹಲಗೆಯ ವಿಸ್ತೀರ್ಣದ ಜೊತೆಗೂ ವೇಗದ ವರ್ಗದ ಜೊತೆಗೂ ಏರುತ್ತದೆ. ಗಂಟೆಗೆ 24 ಕಿ.ಮೀ.ನಲ್ಲಿ 30 ಕೆ.ಜಿ. ಮಗುವನ್ನು ಹೊರುವ ಜೋಡಿ ಹಲಗೆ, ಅದೇ ಓರೆಯಲ್ಲಿದ್ದರೆ, 36 ಕಿ.ಮೀ.ನಲ್ಲಿ ಸುಮಾರು 67 ಕೆ.ಜಿ. ಹೊರುತ್ತದೆ. ಮಕ್ಕಳಿಗೆ 20ರಿಂದ 25 ಕಿ.ಮೀ. ಸಾಕು, ಎರಡು ಸ್ಕೀ ಮೇಲೆ ಕಲಿಯುವ ವಯಸ್ಕರಿಗೆ 30ರಿಂದ 35 ಬೇಕು ಅನ್ನುವುದು ಈ ಲೆಕ್ಕದಿಂದಲೇ. ಮೈ ಭಾರ ಹೆಚ್ಚಿದ್ದವರು ವೇಗ ಏರಿಸುವ ಬದಲು ಅಗಲವಾದ ಸ್ಕೀ ತೆಗೆದುಕೊಳ್ಳುವುದು ಜಾಣತನ. ಬಿದ್ದಾಗಿನ ಪೆಟ್ಟೂ ಕಡಿಮೆ. ವಯಸ್ಕರ ಕಲಿಕೆಯ ಜೋಡಿ ಸಾಮಾನ್ಯವಾಗಿ 67 ಇಂಚು, ಅಂದರೆ 170 ಸೆಂ.ಮೀ. ಉದ್ದ ಇರುತ್ತದೆ. ಮಕ್ಕಳ ಸ್ಕೀಗಳ ತುದಿಗಳನ್ನು ಒಂದು ಪಟ್ಟಿಯಿಂದ ಜೋಡಿಸಿರಬೇಕು, ಇಲ್ಲದಿದ್ದರೆ ಕಾಲು ಎರಡು ದಿಕ್ಕಿಗೆ ಓಡುತ್ತವೆ.

ಪಾದ ತೂರಿಸುವ ರಬ್ಬರ್ ಬೈಂಡಿಂಗ್ ಎಷ್ಟು ಬಿಗಿ ಇರಬೇಕು? ನಡೆದಾಡಿದರೆ ಬಿಚ್ಚದಷ್ಟು, ಹಿಮ್ಮಡಿ ಜೋರಾಗಿ ಎಳೆದರೆ ಬಿಡುವಷ್ಟು. ಅತಿ ಬಿಗಿಯಾದರೆ ಬಿದ್ದಾಗ ಸ್ಕೀ ಕಾಲನ್ನು ಬಿಡುವುದಿಲ್ಲ, ಉದ್ದದ ಹಲಗೆ ಸನ್ನೆಗೋಲಾಗಿ ಕಣಕಾಲನ್ನೇ ತಿರುಚುತ್ತದೆ. ಒಂದು ಬಿಗಿ ಒಂದು ಸಡಿಲ ಇರುವುದು ಇನ್ನೂ ಕೆಟ್ಟದ್ದು. ಪಾದ ಹೋಗದಿದ್ದರೆ ಪಾತ್ರೆ ತೊಳೆಯುವ ಸೋಪನ್ನು ನೀರಲ್ಲಿ ಕಲಸಿ ಸವರಿ. ಎಣ್ಣೆ, ಸನ್‌ಸ್ಕ್ರೀನ್ ಸವರಿದರೆ ರಬ್ಬರ್ ಹಾಳು.

ಹಗ್ಗ ಪಾಲಿಪ್ರೊಪಿಲೀನ್‌ದೇ ಆಗಬೇಕು. ಅದು ತೇಲುತ್ತದೆ, ಕಣ್ಣಿಗೆ ಕಾಣುತ್ತದೆ, ಪ್ರೊಪೆಲರ್ ಕಡೆ ಮುಳುಗಿ ಹೋಗುವುದಿಲ್ಲ. ನೈಲಾನ್ ಹಗ್ಗ ಮುಳುಗುತ್ತದೆ, ಸಾಲದ್ದಕ್ಕೆ ರಬ್ಬರಿನಂತೆ ಹಿಗ್ಗುತ್ತದೆ; ಹಿಗ್ಗಿದ ಹಗ್ಗ ಕೈ ತಪ್ಪಿದರೆ ಹಿಡಿಯ ಸಮೇತ ದೋಣಿಯಲ್ಲಿರುವವರ ಮುಖಕ್ಕೆ ಚಿಮ್ಮುತ್ತದೆ. ಮನರಂಜನೆಯ ಸ್ಕೀಗೆ 75 ಅಡಿ, ಸುಮಾರು 23 ಮೀಟರ್ ಉದ್ದ ವಾಡಿಕೆ. ಗಂಟು ಬಿದ್ದ ಹಗ್ಗದ ಬಲ ಅರ್ಧಕ್ಕಿಳಿಯಬಹುದು, ಗಂಟನ್ನು ಕಂಡಲ್ಲೇ ಬಿಚ್ಚಿ. ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳಬಾರದು. ಹಗ್ಗ ಕವಲೊಡೆದು ಹಿಡಿಗೆ ಸೇರುವ ತ್ರಿಕೋನದೊಳಗೆ ತೋಳನ್ನೋ ತಲೆಯನ್ನೋ ತೂರಿಸಬಾರದು. ದೋಣಿ ನಿಧಾನಕ್ಕೆ ಮುಂದೆ ಸರಿದು ಸಡಿಲ ಹಗ್ಗ ಬಿಗಿಯಾಗುವ ಆ ಒಂದು ಕ್ಷಣದಲ್ಲಿ ಕುಣಿಕೆಗೆ ಸಿಕ್ಕಿಕೊಂಡ ಬೆರಳು ಹೋಗಿಬಿಡುತ್ತದೆ.

ದೋಣಿಗೆ ಹಗ್ಗ ಕಟ್ಟುವ ಜಾಗವೂ ಮುಖ್ಯ. ಸ್ಕೀಗೆಂದೇ ಮಾಡಿದ ದೋಣಿಗಳಲ್ಲಿ ಎಂಜಿನ್ ನಡುಮಧ್ಯೆ ಇದ್ದು, ಅದರ ಮುಂದೊಂದು ಗಟ್ಟಿ ಕಂಬ ಇರುತ್ತದೆ. ಎಳೆತ ದೋಣಿಯ ತೂಕದ ಕೇಂದ್ರದ ಹತ್ತಿರವೇ ಬೀಳುವುದರಿಂದ, ಸ್ಕೀ ಮಾಡುವವರು ಪಕ್ಕಕ್ಕೆ ಎಳೆದರೂ ದೋಣಿಯ ಹಿಂಭಾಗ ಅತ್ತಿತ್ತ ಆಡುವುದಿಲ್ಲ. ಪ್ರೊಪೆಲರ್ ಕೂಡ ದೋಣಿಯ ಹೊಟ್ಟೆಯಡಿ ಇರುತ್ತದೆ. ಬಾಡಿಗೆಗೆ ಸಿಗುವುದು ಹೆಚ್ಚಾಗಿ ಹಿಂದೆ ಎಂಜಿನ್ ತೂಗುಹಾಕಿದ ಔಟ್‌ಬೋರ್ಡ್. ಕಲಿಕೆಗೆ ಅದೂ ಸಾಕು, ಆದರೆ ಹಗ್ಗವನ್ನು ಹಿಂಬದಿಯ ಎರಡು ಕೊಂಡಿಗಳಿಗೆ ವೈ ಆಕಾರದ ಪಟ್ಟಿ ಹಾಕಿ ನಡುವಿನಿಂದ ಎಳೆಯಬೇಕು. ಒಂದೇ ಬದಿಯ ಕೊಂಡಿಗೋ ಸೀಟಿನ ಕಂಬಿಗೋ ಕಟ್ಟಿದರೆ ದೋಣಿ ಒಂದೇ ಕಡೆ ಎಳೆಯುತ್ತದೆ, ಕಂಬಿ ಕಿತ್ತೂ ಬರಬಹುದು.

ಹೊರಡುವ ಕ್ರಮ ಹೀಗೆ. ನೀರು ಎದೆಮಟ್ಟಕ್ಕಿಂತ ಆಳವಿರಲಿ. ಮಂಡಿಗಳನ್ನು ಎದೆಗೆ ಒತ್ತಿ, ತೋಳು ನೇರ ಚಾಚಿ, ಸ್ಕೀ ತುದಿಗಳನ್ನು ಒಂದು ಗೇಣು ನೀರಿನಿಂದ ಮೇಲಿಟ್ಟು, ಹಗ್ಗ ಎರಡರ ನಡುವೆ ಬರುವಂತೆ ಕುಳಿತುಕೊಳ್ಳಿ. ದೋಣಿ ಮೆಲ್ಲಗೆ ಸರಿದು ಹಗ್ಗ ಬಿಗಿಯಾದ ಮೇಲೆಯೇ ವೇಗ. ಚಾಲಕರು ಒಮ್ಮೆಲೇ ಜಗ್ಗಿದರೆ ಹಿಡಿ ಕೈಯಿಂದ ಹಾರುತ್ತದೆ. ತೀರಾ ನಿಧಾನಿಸಿದರೆ ಅರ್ಧ ಮುಳುಗಿದ ಮೈಯನ್ನು ಎಳೆಸಿಕೊಂಡು ತೋಳು ಸೋಲುತ್ತದೆ. ಹೊಸಬರು ಮಾಡುವ ದೊಡ್ಡ ತಪ್ಪು ಅವಸರಪಟ್ಟು ಎದ್ದು ನಿಲ್ಲುವುದು, ಇಲ್ಲವೇ ಹಿಡಿಯನ್ನು ಎದೆಗೆ ಎಳೆದುಕೊಳ್ಳುವುದು. ಹಿಡಿ ಎಳೆದರೆ ಮೈ ಹಗ್ಗದ ಕಡೆ ಹಾರಿ ಹಗ್ಗ ಸಡಿಲಾಗುತ್ತದೆ, ಸಡಿಲಾದ ಹಗ್ಗ ಯಾರನ್ನೂ ನಿಲ್ಲಿಸುವುದಿಲ್ಲ, ಬೆನ್ನಡಿಯಾಗಿ ಬೀಳುತ್ತಾರೆ. ಕುರ್ಚಿಯಲ್ಲಿ ಕೂತಂತೆ ಇರಿ, ಎಬ್ಬಿಸುವ ಕೆಲಸ ದೋಣಿಯದು.

ಎಂಜಿನ್ ಸದ್ದಿನಲ್ಲಿ ಮಾತು ಕೇಳದು, ಕೈಸನ್ನೆಯೇ ಭಾಷೆ. ಹೆಬ್ಬೆರಳು ಮೇಲೆಂದರೆ ವೇಗ ಬೇಕು, ಕೆಳಗೆಂದರೆ ಇಳಿಸಿ, ತಲೆ ತಟ್ಟಿಕೊಂಡರೆ ದಡಕ್ಕೆ ಹೋಗೋಣ, ಕತ್ತಿನ ಮೇಲೆ ಕೈ ಆಡಿಸಿದರೆ ನಿಲ್ಲಿಸಿ. ಬಿದ್ದ ಮೇಲೆ ಎರಡೂ ಕೈ ತಲೆಯ ಮೇಲೆ ಜೋಡಿಸಿದರೆ ಏನೂ ಆಗಿಲ್ಲ ಎಂದರ್ಥ. ಆ ಸನ್ನೆ ಬರದಿದ್ದರೆ ಪೆಟ್ಟಾಗಿದೆ ಎಂದೇ ತಿಳಿದು ಹೊರಡಬೇಕು. ಇದನ್ನೆಲ್ಲ ನೋಡಲು ದೋಣಿಯಲ್ಲಿ ಹಿಂದಕ್ಕೆ ಮುಖಮಾಡಿ ಕೂತ ಇನ್ನೊಬ್ಬರು ಬೇಕು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಅಗಲವಾದ ಕನ್ನಡಿ ಇದ್ದರೆ ಸಾಕು ಎಂದಿದೆ. ಕನ್ನಡಿ ಹಗ್ಗ ಸುತ್ತುವುದಿಲ್ಲ, ನೀರಿನಲ್ಲಿ ಜನ ಇದ್ದಾರೆ ಎಂದು ಬೇರೆ ದೋಣಿಗಳಿಗೆ ತೋರಿಸುವ ಬಾವುಟ ಎತ್ತುವುದಿಲ್ಲ. ನಿಯಮ ಏನೇ ಹೇಳಲಿ, ಒಬ್ಬರನ್ನು ಕೂರಿಸಿಕೊಳ್ಳಿ.

ಎಲ್ಲರ ಎಚ್ಚರವೂ ವೇಗದ ಮೇಲಿರುತ್ತದೆ. ಹೆಚ್ಚು ಎಚ್ಚರ ಬೇಕಾದದ್ದು ದೋಣಿ ನಿಂತಾಗ. ಬಿದ್ದವರ ಬಳಿ ವೇಗ ಇಳಿಸಿ ನಿಧಾನ ತಿರುಗಿ ಬರಬೇಕು, ಅವರು ಸದಾ ಚಾಲಕರ ಬದಿಯಲ್ಲಿ ಕಣ್ಣಿಗೆ ಕಾಣುವಂತಿರಬೇಕು. ಹಿಂಗತಿಯಲ್ಲಿ ಅವರ ಕಡೆ ಹೋಗಲೇಬಾರದು. ಅವರು ಏಣಿಗೆ ಕೈ ಹಾಕುವ ಮುನ್ನ ಎಂಜಿನ್ ಆಫ್ ಆಗಿರಬೇಕು; ನ್ಯೂಟ್ರಲ್ ಸಾಲದು. ನ್ಯೂಟ್ರಲ್‌ನಲ್ಲೂ ಕೆಲವು ಪ್ರೊಪೆಲರ್‌ಗಳು ತಿರುಗುತ್ತಲೇ ಇರುತ್ತವೆ, ಯಾರದೋ ಮೊಣಕೈ ತಾಗಿ ಗೇರ್ ಬೀಳುವುದೂ ಉಂಟು. ಚಾಲಕರ ಮೈಗೆ ಸಿಕ್ಕಿಸುವ ಸುರುಳಿ ದಾರ, ಅಂದರೆ ಕಿಲ್ ಸ್ವಿಚ್, ಚಾಲಕರು ನೀರಿಗೆ ಬಿದ್ದ ತಕ್ಷಣ ಎಂಜಿನ್ ನಿಲ್ಲಿಸುತ್ತದೆ. 26 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಲ್ಲಿ ಈ ಸ್ವಿಚ್ ಇದ್ದರೆ ಅದನ್ನು ಬಳಸಲೇಬೇಕೆಂದು ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ ಕಾನೂನಿದೆ.

ನಿಂತ ದೋಣಿಯ ಹಿಂದೆ ಕಣ್ಣಿಗೆ ಕಾಣದ ಇನ್ನೊಂದಿದೆ: ಕಾರ್ಬನ್ ಮಾನಾಕ್ಸೈಡ್. ಹಿಂಬದಿಯ ಈಜು ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂರುವುದು ಮಕ್ಕಳಿಗೆ ಇಷ್ಟ. ಹೊಗೆ ಕೊಳವೆ ಇರುವುದೂ ಅಲ್ಲೇ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ. ದೋಣಿ ನಿಧಾನ ಚಲಿಸುವಾಗ ಹಿಂಭಾಗದಲ್ಲಿ ಗಾಳಿ ಸುಳಿದು ಹೊಗೆಯನ್ನು ಒಳಕ್ಕೇ ಎಳೆದು ತರುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು ಬಂದಾಗ ಬಿಸಿಲಿಗೆ ಹೀಗಾಗಿದೆ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ನೀರಿನಲ್ಲಿದ್ದವರು ಮೂರ್ಛೆ ಹೋದರೆ ಮುಳುಗುತ್ತಾರೆ. ಎಂಜಿನ್ ಓಡುತ್ತಿರುವಾಗ ಆ ಹಲಗೆಯ ಮೇಲೆ ಯಾರೂ ಇರಬಾರದು. ಇದ್ದಕ್ಕಿದ್ದಂತೆ ತಲೆನೋವು ಎಂದವರನ್ನು ಮೊದಲು ಶುದ್ಧ ಗಾಳಿಗೆ ತನ್ನಿ, ನೀರು ಕುಡಿಸುವುದು ಆಮೇಲೆ.

ಬಿಸಿಲಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಭ್ರಮೆ: ಬೆಂಗಳೂರಿನ ಬಿಸಿಲು ಕಂಡವರಿಗೆ ಮಿನ್ನೆಸೋಟದ್ದು ಯಾವ ಲೆಕ್ಕ ಅಂತ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಗೂ ಆಗಸ್ಟ್ ನಡುವಿಗೂ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ನಿಜ. ಆದರೆ ಜೂನ್ ಕೊನೆಯಲ್ಲಿ ಲೇಕ್ ಪೆಪಿನ್ ಮೇಲೂ ನಡುಹಗಲಿಗೆ ಸುಮಾರು 69 ಡಿಗ್ರಿ ಎತ್ತರದಲ್ಲಿರುತ್ತಾನೆ, ಹಗಲು 15 ಗಂಟೆ ಮೀರುತ್ತದೆ. ಚರ್ಮ ಸುಡುವುದು ಶಾಖದಿಂದಲ್ಲ, ಕಣ್ಣಿಗೆ ಕಾಣದ ಯುವಿ (ನೇರಳಾತೀತ) ಕಿರಣಗಳಿಂದ. ದೋಣಿಯ ಗಾಳಿ ಮೈ ತಂಪಾಗಿಸುತ್ತದೆಯೇ ಹೊರತು ಯುವಿಯನ್ನು ಒಂದಿಷ್ಟೂ ತಡೆಯುವುದಿಲ್ಲ. ಸುಟ್ಟದ್ದು ಗೊತ್ತಾಗುವುದು ರಾತ್ರಿ. ತೆಳು ಮೋಡವನ್ನೂ ಯುವಿ ದಾಟಿ ಬರುತ್ತದೆ. ನೀರಿನಡಿ ಅರ್ಧ ಮೀಟರಿನಲ್ಲೂ ಮೇಲ್ಮೈಯ ಸುಮಾರು 40 ಪ್ರತಿಶತ ಯುವಿ ಇರುತ್ತದೆ, ಕತ್ತಿನವರೆಗೆ ಮುಳುಗಿ ಸರದಿ ಕಾಯುವುದು ನೆರಳಿನಲ್ಲಿ ನಿಂತಂತಲ್ಲ. ನೆರಳು ನಿಮಗಿಂತ ಗಿಡ್ಡಗಿದ್ದರೆ ಯುವಿ ಜೋರಾಗಿದೆ ಎಂದು ತಿಳಿಯಿರಿ. ಕಪ್ಪು ಮೈಬಣ್ಣ ಚರ್ಮವನ್ನು ಒಂದಿಷ್ಟು ಕಾಯುತ್ತದೆ, ಕಣ್ಣನ್ನು ಕಾಯದು. ಕೆನ್ನೆಯ ಮೇಲಿನ ಭಂಗು ಬಿಸಿಲಿಗೆ ಹೆಚ್ಚುವುದು ನಮ್ಮವರಲ್ಲೇ.

ಮೊದಲ ರಕ್ಷಣೆ ಬಟ್ಟೆ. ಜಾಕೆಟ್ಟಿನಡಿ ಯುಪಿಎಫ್ (ಬಟ್ಟೆ ಯುವಿ ತಡೆಯುವ ಅಳತೆ) 50 ಎಂದಿರುವ ತುಂಬುತೋಳಿನ ಅಂಗಿ ಹಾಕಿದರೆ ಯುವಿಯ ಐವತ್ತರಲ್ಲಿ ಒಂದು ಪಾಲು ಮಾತ್ರ ಒಳಬರುತ್ತದೆ, ತೊಳೆದೂ ಹೋಗುವುದಿಲ್ಲ. ಸನ್‌ಸ್ಕ್ರೀನ್ ಉಳಿದ ಜಾಗಕ್ಕೆ. ಎಸ್‌ಪಿಎಫ್ (ಸನ್‌ಸ್ಕ್ರೀನ್ ಬಿಸಿಲು ತಡೆಯುವ ಅಳತೆ) 30 ಸುಡುವ ಕಿರಣದ 97 ಪ್ರತಿಶತ ತಡೆಯುತ್ತದೆ, 50 ತಡೆಯುವುದು 98, ಅಂತರ ಅಷ್ಟೇ. ಆದರೆ ಈ ಅಂಕಿಗಳು ಚದರ ಸೆಂಟಿಮೀಟರಿಗೆ 2 ಮಿ.ಗ್ರಾಂ. ಲೆಕ್ಕದಲ್ಲಿ ಹಚ್ಚಿ ಅಳೆದವು. ಇಡೀ ಮೈಗೆ ಆ ಲೆಕ್ಕದಲ್ಲಿ ಸುಮಾರು ಆರು ಟೀ ಚಮಚ ಬೇಕು, ಬಹಳ ಜನ ಅದರ ಅರ್ಧವನ್ನೂ ಹಚ್ಚುವುದಿಲ್ಲ. ಅಮೆರಿಕದ ಲೇಬಲ್ಲಿನಲ್ಲಿ ನೀರು ತಡೆಯುವ ಅವಧಿ 40 ನಿಮಿಷ ಅಥವಾ 80 ನಿಮಿಷ ಎಂದಷ್ಟೇ ಬರೆಯಬಹುದು; ನೀರಿಗೇ ಜಗ್ಗದು ಎಂದು ಬರೆಯುವಂತಿಲ್ಲ. ನೀರಿಗಿಳಿಯುವ ಕಾಲು ಗಂಟೆ ಮುಂಚೆ ಹಚ್ಚಿ, ಅವಧಿ ಮುಗಿದ ಮೇಲೆ ಮೈ ಒರೆಸಿ ಮತ್ತೆ ಹಚ್ಚಿ. ಕಿವಿಯ ತುದಿ, ಕತ್ತಿನ ಹಿಂಭಾಗ, ಮಂಡಿಯ ಹಿಂಬದಿ, ನೀರಿನಿಂದ ಪ್ರತಿಫಲನ ಬೀಳುವ ಗಲ್ಲದಡಿ ಮರೆಯಬೇಡಿ. ಹಣೆಗೆ ಕಡ್ಡಿಯಂತೆ ತೀಡುವ ಗಟ್ಟಿ ಬಗೆಯದೇ ಒಳ್ಳೆಯದು. ದ್ರವದ್ದು ಇಳಿದು ಕಣ್ಣು ಉರಿಸುತ್ತದೆ, ಕಣ್ಣು ಮುಚ್ಚಿದವರು ಬೀಳುತ್ತಾರೆ. ಅಂಗೈಗಳನ್ನು ಸೋಪು ಹಾಕಿ ತೊಳೆದು ಒರೆಸಿ, ಇಲ್ಲದಿದ್ದರೆ ಹಿಡಿ ಜಾರುತ್ತದೆ. ಹವಾಯಿಯಲ್ಲಿ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟ ಹವಳದ ದಿಬ್ಬಗಳ ಕಾಳಜಿಯಿಂದ 2021ರ ಜನವರಿಯಿಂದ ನಿಷಿದ್ಧ. ಅಲ್ಲಿಗೆ ಹೋಗುವವರು ಜಿಂಕ್ ಆಕ್ಸೈಡ್‌ನದು ಒಯ್ಯಲಿ.

ದೋಣಿ ಓಡಿಸುವವರಿಗೆ ಪೋಲರೈಸ್ಡ್ ಕನ್ನಡಕ ಇರಲಿ. ನೀರಿನ ಮೇಲಿನ ಥಳಕು ಕಡಿಮೆಯಾಗಿ ತೇಲುವ ದಿಮ್ಮಿ, ಮುಳುಗಿದ ಕೊಂಬೆ ಕಾಣುತ್ತವೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಕೆರೆ ನೀರಿಗೆ ಇಳಿಯಬೇಡಿ, ಲೆನ್ಸಿನಡಿ ಸೇರಿದ ಸೂಕ್ಷ್ಮಜೀವಿಗಳು ಕಣ್ಣಿನ ಕರಿಗುಡ್ಡೆಗೆ ಸೋಂಕು ತರಬಲ್ಲವು. ದೋಣಿಯಲ್ಲಿ ಸುಮ್ಮನೆ ಕೂತವರಿಗೇ ಬಿಸಿಲು ಹೆಚ್ಚು ಬಡಿಯುತ್ತದೆ. ಅವರಿಗೆ ಅಗಲ ಅಂಚಿನ ಟೋಪಿ ಕೊಟ್ಟು, ಅದಕ್ಕೆ ಗಲ್ಲದ ದಾರವನ್ನೂ ಕಟ್ಟಿ.

ಸಂಜೆ ದಡಕ್ಕೆ ಬಂದ ಮೇಲೆ ಹಗ್ಗವನ್ನು ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಚೀಲದಲ್ಲಿಡಿ. ಚರ್ಮ ಸುಡುವ ಅದೇ ಯುವಿ ಪಾಲಿಪ್ರೊಪಿಲೀನ್ ಎಳೆಗಳನ್ನೂ ತಿನ್ನುತ್ತದೆ. ಒಂದು ಬೇಸಿಗೆಯಿಡೀ ದೋಣಿಯ ಮೇಲೇ ಬಿಸಿಲಿಗೆ ಬಿದ್ದಿದ್ದ ಹಗ್ಗವನ್ನು ಬೆರಳಲ್ಲಿ ಉಜ್ಜಿ ನೋಡಿ: ಸುಣ್ಣದಂಥ ಪುಡಿ ಹತ್ತಿದರೆ, ಎಳೆಗಳು ಮುಳ್ಳಿನಂತೆ ಚುಚ್ಚಿದರೆ, ಅದನ್ನು ತುಂಡು ಮಾಡಿ ಎಸೆಯಿರಿ. ಇಡಿಯಾಗಿ ಬಿಟ್ಟರೆ ಇನ್ಯಾರೋ ಎತ್ತಿಕೊಂಡು ಹೋಗಿ ಮತ್ತೆ ದೋಣಿಗೆ ಕಟ್ಟುತ್ತಾರೆ.