ಮೀಸೆ ನೋಡಿ ಕುಲ ಹೇಳಲಾಗದು

ಕಲಬುರಗಿಯ ಮೀನು ಮಾರುಕಟ್ಟೆಯಲ್ಲಿ ಟಬ್ಬಿನೊಳಗೆ ಮಿಸುಕಾಡುವ ಮೀಸೆ ಮೀನು ಯಾವುದೆಂದು ಕೇಳಿದರೆ ‘ಮಾಗೂರ್ ಅದರೀ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಯಾವ ಮಾಗೂರ್ ಎನ್ನುವಲ್ಲಿ ತೊಡಕು ಶುರು. ನಮ್ಮ ದೇಶದ ಮಾಗೂರ್ ಒಂದಾದರೆ, ‘ಥಾಯ್ ಮಾಗೂರ್’ ಎಂಬ ಹೆಸರಿನಲ್ಲಿ ಬಂದ ಆಫ್ರಿಕನ್ ಕ್ಯಾಟ್‌ಫಿಶ್ ಇನ್ನೊಂದು. ಎದುರಿಗೆ ಸಿಕ್ಕ ಮೀನನ್ನೆಲ್ಲ ನುಂಗುವ ಈ ಎರಡನೆಯದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಎರಡಕ್ಕೂ ನಾಲ್ಕು ಜೊತೆ ಮೀಸೆ, ಬೆನ್ನುದ್ದಕ್ಕೂ ಒಂದೇ ರೆಕ್ಕೆ, ನೀರಿನಾಚೆಯ ಗಾಳಿಯನ್ನೂ ಉಸಿರಾಡುವ ಅಂಗ. ತಲೆಬುರುಡೆಯ ಹಿಂಬದಿಯ ಎಲುಬಿನ ಆಕಾರ ಬೇರೆ ನಿಜ, ಆದರೆ ಬೆರಳುದ್ದದ ಮರಿಯಲ್ಲಿ ಅದನ್ನು ಗುರುತಿಸುವುದು ಕಷ್ಟ. ಹೆಚ್ಚಿಟ್ಟ ತುಂಡಿನಲ್ಲಂತೂ ಸಾಧ್ಯವೇ ಇಲ್ಲ.

ಜೀವಕೋಶದೊಳಗೆ ಹೋದರೆ ಗೊಂದಲ ಕಡಿಮೆಯಾಗುತ್ತದೆ. ನಮ್ಮ ಮಾಗೂರ್‌ಗೆ 50 ಕ್ರೋಮೋಸೋಮು, ಆಫ್ರಿಕನ್ನಿಗೆ 56. ಇನ್ನೂ ಸುಲಭದ ದಾರಿಯನ್ನು 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು ಮುಂದಿಟ್ಟರು. ಪ್ರಾಣಿಗಳ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದಲ್ಲಿರುವ ಸಿಒಐ ಎಂಬ ವಂಶವಾಹಿಯ ಸುಮಾರು 650 ಅಕ್ಷರಗಳ ಭಾಗವನ್ನು ಓದಿ, ಈಗಾಗಲೇ ಗೊತ್ತಿರುವ ಪ್ರಭೇದಗಳದ್ದರ ಜೊತೆ ಹೋಲಿಸುವುದು. ಡಿಎನ್‌ಎ ಬಾರ್‌ಕೋಡಿಂಗ್ ಎಂದರೆ ಇದೇ. ರೆಕ್ಕೆಯ ಚೂರೊಂದಿದ್ದರೆ ಸಾಕು.

ಆದರೆ ಈ ವಿಧಾನವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಮೈಟೋಕಾಂಡ್ರಿಯಾ ಮರಿಗೆ ಬರುವುದು ತಾಯಿಯಿಂದ ಮಾತ್ರ. ಹಾಗಾಗಿ ಬಾರ್‌ಕೋಡ್ ಎನ್ನುವುದು ತಂದೆಯ ಹೆಸರನ್ನೇ ಬರೆಯದ ಜನನ ಪತ್ರ. ಥಾಯ್ಲೆಂಡಿನಲ್ಲಿ ದೊಡ್ಡ ಪ್ರಮಾಣದಲ್ಲಿ ಸಾಕುವ ಮಿಶ್ರತಳಿಗೆ ತಾಯಿ ಅಲ್ಲಿಯದೇ ಕ್ಲೇರಿಯಸ್ ಮ್ಯಾಕ್ರೋಸೆಫಾಲಸ್ ಎಂಬ ಮೀಸೆ ಮೀನು, ತಂದೆ ಆಫ್ರಿಕನ್ ಕ್ಯಾಟ್‌ಫಿಶ್. ಇದರ ಬಾರ್‌ಕೋಡ್ ಓದಿದರೆ ಅಪ್ಪಟ ಸ್ಥಳೀಯ ಮೀನು ಎಂದೇ ಬರುತ್ತದೆ. ತಂದೆಯ ಪಾಲು ಕಾಣಬೇಕಾದರೆ ಕೋಶಕೇಂದ್ರದ ವಂಶವಾಹಿಗಳನ್ನು ನೋಡಬೇಕು. ಎರಡೂ ಕಡೆಯಿಂದ ಬಂದ ಪ್ರತಿಗಳು ಅಲ್ಲಿ ಒಟ್ಟಿಗಿರುತ್ತವೆ. ಒಂದೇ ವಂಶವಾಹಿಯನ್ನು ಓದಿ ಪ್ರಭೇದದ ತೀರ್ಪು ಕೊಡುವುದು ನನಗಂತೂ ಆತುರದ ಕೆಲಸವಾಗಿ ಕಾಣುತ್ತದೆ.

ನಂಟು ಹುಡುಕುವಾಗಲೂ ಹೊರರೂಪ ಹೀಗೇ ದಾರಿ ತಪ್ಪಿಸುತ್ತದೆ. ಕರ್ನಲ್ ಸೈಕ್ಸ್ ಎಂಬ ಇಂಗ್ಲಿಷ್ ಸೇನಾಧಿಕಾರಿ ದಖ್ಖನಿನ ಹೊಳೆಗಳ ಮೀನುಗಳನ್ನು ವರ್ಣಿಸಿ 1839ರಲ್ಲಿ ಹೆಸರಿಟ್ಟ. ಪುಣೆಯ ಮುಳಾ-ಮುಠಾ ನದಿಯಲ್ಲಿ ಅವನು ಮೀನು ಕಂಡಿದ್ದ. ಆ ನೀರೇ ಭೀಮೆಯನ್ನು ಸೇರಿ ಕಲಬುರಗಿ, ಯಾದಗಿರಿ ಜಿಲ್ಲೆಗಳಿಗೆ ಇಳಿಯುತ್ತದೆ. ಅವನು ಹೆಸರಿಟ್ಟವುಗಳಲ್ಲಿ ಸಿಲೋನಿಯಾ ಚಿಲ್ಡ್ರೆನಿ ಒಂದು. ಕೃಷ್ಣಾ, ಗೋದಾವರಿ ಕೊಳ್ಳಗಳ ಈ ಬೇಟೆಗಾರ ಮೀನು ಇಂದು ಅಳಿವಿನಂಚಿನಲ್ಲಿದೆ. ಬಹುಕಾಲ ಇದನ್ನು ಆಫ್ರಿಕದ ಶಿಲ್ಬಿಡೆ ಕುಟುಂಬಕ್ಕೆ ಸೇರಿಸಿದ್ದರು. 2006ರಲ್ಲಿ ಸಲಿವಾನ್, ಲುಂಡ್‌ಬರ್ಗ್, ಹಾರ್ಡ್‌ಮನ್ ಎಂಬ ಮೂವರು ಕೋಶಕೇಂದ್ರದ ಎರಡು ವಂಶವಾಹಿಗಳನ್ನು ಹಿಡಿದು ಜಗತ್ತಿನ ಮೀಸೆ ಮೀನುಗಳ ವಂಶವೃಕ್ಷ ಬರೆದಾಗ, ಆಫ್ರಿಕದ ಹಲವು ಕುಟುಂಬಗಳು ಒಂದು ಗುಂಪಾದವು, ಏಷ್ಯಾದ ಹಲವು ಇನ್ನೊಂದಾದವು. ‘ಶಿಲ್ಬಿಡೆ’ ಎನಿಸಿಕೊಂಡಿದ್ದ ನಮ್ಮ ಕಡೆಯ ಮೀನುಗಳ ಹತ್ತಿರದ ಬಳಗ ಏಷ್ಯಾದ್ದೇ ಎಂದು ತಿಳಿಯಿತು. ಸಿಲೋನಿಯಾ ಈಗ ಐಲಿಡೆ ಎಂಬ ಬೇರೆ ಕುಟುಂಬದಲ್ಲಿದೆ. ಹೊರರೂಪ ಯಾವಾಗಲೂ ತಪ್ಪು ಹೇಳುತ್ತದೆ ಎಂದೇನಲ್ಲ. ಮಾಗೂರ್‌ಗೆ ತೀರ ಹತ್ತಿರದ್ದು, ಮುಳ್ಳು ಚುಚ್ಚಿದರೆ ಉರಿಯುವ ಚೇಳು ಮೀನು. ಇದನ್ನು ಅಂಗರಚನೆಯೂ ಒಪ್ಪುತ್ತದೆ, ವಂಶವಾಹಿಯೂ ಒಪ್ಪುತ್ತದೆ.

ನಮ್ಮ ಭಾಗದಲ್ಲಿ ಈ ಪರೀಕ್ಷೆಗೆ ಒಳ್ಳೆಯ ಜಾಗವಿದೆ. ಬೀದರಿನ ಮಾಂಜ್ರಾ ಗೋದಾವರಿಗೆ ಹೋಗುತ್ತದೆ, ಕಲಬುರಗಿಯ ಭೀಮೆ ಕೃಷ್ಣೆಗೆ. ನಡುವಿನ ಎತ್ತರದ ನೆಲವನ್ನು ಹೊಳೆಮೀನು ದಾಟಲಾರದು. ಎರಡೂ ಕಡೆ ಡಿಎನ್‌ಎ ಬದಲಾವಣೆಗಳು ಬೇರೆಬೇರೆಯಾಗಿ ಕೂಡುತ್ತ ಹೋಗುತ್ತವೆ. ಒದ್ದೆ ನೆಲದ ಮೇಲೆ ತೆವಳಬಲ್ಲ ಮಾಗೂರ್‌ಗೆ ಈ ಅಡ್ಡಿ ಅಷ್ಟು ದೊಡ್ಡದಲ್ಲದಿರಬಹುದು, ಸಿಲೋನಿಯಾಕ್ಕೆ ನೀರು ಬಿಟ್ಟರೆ ಬೇರೆ ದಾರಿಯೇ ಇಲ್ಲ. ಎಲ್ಲಿಂದಲೋ ತಂದ ಮೀನುಮರಿಯನ್ನು ಕೆರೆಗೆ, ಜಲಾಶಯಕ್ಕೆ ಬಿಟ್ಟರೆ ಮಾತ್ರ ಈ ಲೆಕ್ಕವೆಲ್ಲ ಕಲಸಿಹೋಗುತ್ತದೆ.

ಇನ್ನು ಹೆಸರಿನ ತಂಟೆ. ನಮ್ಮ ಮಾಗೂರನ್ನು ದಶಕಗಳ ಕಾಲ ಕ್ಲೇರಿಯಸ್ ಬಟ್ರಾಕಸ್ ಎಂದೇ ಬರೆದರು. 1758ರಲ್ಲಿ ಲಿನೇಯಸ್ ಕೊಟ್ಟ ಆ ಹೆಸರು ಜಾವಾದ ಮೀನಿಗೆ ಸೇರಿದ್ದೆಂದು 2008ರಲ್ಲಿ ಇಬ್ಬರು ಮೀನುತಜ್ಞರು ಇತ್ಯರ್ಥ ಮಾಡಿದರು. ನಮ್ಮದಕ್ಕೆ ಉಳಿದದ್ದು 1822ರಲ್ಲಿ ಹ್ಯಾಮಿಲ್ಟನ್ ಇಟ್ಟ ಕ್ಲೇರಿಯಸ್ ಮಾಗೂರ್. (ಟಿಪ್ಪು ಮಡಿದ ಮರುವರ್ಷ ಮೈಸೂರು ಸೀಮೆ ಸುತ್ತಿದ ಬುಕಾನನ್ ಇವನೇ.) ಅಷ್ಟರೊಳಗೆ ಹಳೆಯ ಹೆಸರಿನಲ್ಲೇ ಎಷ್ಟೋ ಡಿಎನ್‌ಎ ದಾಖಲೆಗಳು ಸೇರಿಹೋಗಿದ್ದವು. ಅದಕ್ಕೇ ಬಲ್ಲವರು ಮೊದಲು ರೆಕ್ಕೆಯ ಚೂರನ್ನು ಕತ್ತರಿಸಿ ಆಲ್ಕೋಹಾಲಿಗೆ ಹಾಕುತ್ತಾರೆ, ಆಮೇಲೆ ಇಡೀ ಮೀನನ್ನು ಫಾರ್ಮಲಿನ್‌ನಲ್ಲಿ ಮುಳುಗಿಸಿ, ಹಿಡಿದ ಹೊಳೆ, ಊರು, ತಾರೀಖು ಬರೆದ ಚೀಟಿ ಕಟ್ಟುತ್ತಾರೆ. ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುವುದರಿಂದ ಈ ಕ್ರಮ ಹಿಂದುಮುಂದಾಗುವಂತಿಲ್ಲ.