ಕಣ್ಣು ರಸ್ತೆಯಲ್ಲಿ, ನೋಟ ಪಂಪ್‌ಹೌಸಿನಲ್ಲಿ

ಫೆಬ್ರವರಿ ಕಳೆದು ಮಾರ್ಚ್ ಬಂತು ಅಂದರೆ ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಾಫಿ ತೋಟದವರು ಆಕಾಶ ನೋಡುತ್ತಾ ಕೂರುತ್ತಾರೆ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಾರದಿದ್ದರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು. ನೀರು ತಪ್ಪಿದರೆ ವರ್ಷದ ಫಸಲಿಗೇ ಪೆಟ್ಟು. ಕೆರೆ ಪಕ್ಕದ ಮೋಟಾರ್ ಕೈಕೊಡುವುದೂ ಸರಿಯಾಗಿ ಅದೇ ವಾರ! ಆಗ ಮೋಟಾರ್ ರಿಪೇರಿಯವರ ಫೋನಿಗೆ ಬಿಡುವೇ ಇರುವುದಿಲ್ಲ. ಅವರೋ ಬೈಕ್ ಮೇಲೆ, ಇಲ್ಲವೇ ಓಮ್ನಿಯಲ್ಲಿ, ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಓಡುತ್ತಿರುತ್ತಾರೆ.

ಹೆಲ್ಮೆಟ್ ಒಳಗೆ ಫೋನ್ ತುರುಕಿಕೊಳ್ಳುವ ಕಾಲ ಹೋಯಿತು. ಈಗ ಕಿವಿಯಲ್ಲಿ ಬ್ಲೂಟೂತ್. 'ಕೈ ಹ್ಯಾಂಡಲ್ ಮೇಲಿದೆ, ಕಣ್ಣು ರಸ್ತೆ ಮೇಲಿದೆ, ಇನ್ನೇನು ತೊಂದರೆ?' ಅನ್ನುತ್ತಾರೆ. ಬಂಪರಿಗೆ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿ ಎಷ್ಟು ಕಾಪಾಡುತ್ತದೋ ಇದೂ ಅಷ್ಟೇ ಕಾಪಾಡುವುದು. ಕಾನೂನು ಕೂಡ ಈ ನಂಬಿಕೆಗೆ ನೀರೆರೆದಿದೆ. ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್‌ಗೆ 2019ರಲ್ಲಿ ಆದ ತಿದ್ದುಪಡಿ ಹೆಸರಿಸುವುದು ಕೈಯಲ್ಲಿ ಹಿಡಿದ ಫೋನನ್ನು. ಮೊದಲ ಸಲಕ್ಕೆ ದಂಡ 1,000ದಿಂದ 5,000 ರೂಪಾಯಿ. ಪೊಲೀಸರಿಗೆ ಕೈ ಕಾಣುತ್ತದೆ, ತಲೆಯೊಳಗೆ ಏನು ಓಡುತ್ತಿದೆ ಅಂತ ಕಾಣುವುದಿಲ್ಲ ಅಲ್ವಾ?

1997ರಲ್ಲಿ ಕೆನಡಾದ ಟೊರಾಂಟೊದಲ್ಲಿ ಡೊನಾಲ್ಡ್ ರೆಡೆಲ್‌ಮಿಯರ್ ಮತ್ತು ರಾಬರ್ಟ್ ಟಿಬ್ಶಿರಾನಿ ಎಂಬ ಇಬ್ಬರು, ಅಪಘಾತ ಮಾಡಿಕೊಂಡ 699 ಚಾಲಕರ ಫೋನ್ ಬಿಲ್ ತೆಗೆದು ನೋಡಿದರು. ಮಾತಾಡುವ ಹೊತ್ತಿನಲ್ಲಿ ಗುದ್ದುವ ಸಾಧ್ಯತೆ ಸುಮಾರು ನಾಲ್ಕು ಪಟ್ಟು. ಫೋನ್ ಕೈಯಲ್ಲಿ ಹಿಡಿಯದೆ ಮಾತಾಡಿದವರಿಗೆ ಇದರಲ್ಲಿ ಏನೂ ರಿಯಾಯಿತಿ ಸಿಗಲಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ತಂಡ ಆಮೇಲೆ ಮಾಡಿದ ಪ್ರಯೋಗಗಳಲ್ಲೂ ಹೀಗೆಯೇ ಆಯಿತು.

ಹಾಗಾದರೆ ತೊಂದರೆ ಎಲ್ಲಿದೆ? ನನ್ನನ್ನು ಕೇಳಿದರೆ ಇದರ ಅತಿ ಸ್ವಾರಸ್ಯದ ಉತ್ತರ 1910ರದ್ದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಚೀವ್ಸ್ ವೆಸ್ಟ್ ಪರ್ಕಿ ಎಂಬ ಮಹಿಳೆ ಜನರನ್ನು ಒಂದು ಮಂಜುಗಾಜಿನ ಮುಂದೆ ಕೂರಿಸಿದರು. 'ಗಾಜನ್ನೇ ನೋಡುತ್ತಾ ಒಂದು ಬಾಳೆಹಣ್ಣು ಕಲ್ಪಿಸಿಕೊಳ್ಳಿ' ಅಂದರು. ಟೊಮೆಟೊ, ನಿಂಬೆಹಣ್ಣು, ಎಲೆ, ಪುಸ್ತಕ ಎಲ್ಲವನ್ನೂ ಹೀಗೇ ಕಲ್ಪಿಸಿಕೊಳ್ಳಲು ಹೇಳಿದರು. ಗಾಜಿನ ಹಿಂದಿನಿಂದ ಗುಟ್ಟಾಗಿ ಅದೇ ವಸ್ತುವಿನ ಮಸುಕು ಚಿತ್ರವನ್ನು ಬೆಳಕಿನಲ್ಲಿ ಮೂಡಿಸುತ್ತಿದ್ದರು. ಕೂತವರು ಅದನ್ನು ನೋಡಿದರು, ವರ್ಣಿಸಿದರು, ಆದರೆ ಅದು ತಮ್ಮದೇ ಕಲ್ಪನೆ ಅಂದುಕೊಂಡರು! ಮಲಗಿದ ಬಾಳೆಹಣ್ಣು ಕಲ್ಪಿಸಿಕೊಂಡಿದ್ದವರು 'ಅರೆ, ಇದು ಯಾಕೆ ನೆಟ್ಟಗೆ ನಿಂತಿದೆ' ಅಂತ ಬೆರಗಾದರಂತೆ. ಆದರೂ ಎದುರಿಗೆ ನಿಜವಾದ ಚಿತ್ರ ಇದೆ ಅಂತ ಅನುಮಾನ ಬರಲಿಲ್ಲ.

ಮನಸ್ಸಿನಲ್ಲಿ ಚಿತ್ರ ಬಿಡಿಸುವ ಕೆಲಸಕ್ಕೂ ಎದುರಿಗಿರುವುದನ್ನು ನೋಡುವ ಕೆಲಸಕ್ಕೂ ಮಿದುಳಿನಲ್ಲಿ ಬಹುಪಾಲು ಜಾಗ ಒಂದೇ. ಒಂದು ಕೆಲಸ ಜೋರಾದರೆ ಇನ್ನೊಂದು ಸೊರಗುತ್ತದೆ. ಬೇಕಾದರೆ ಈಗಲೇ ನೋಡಿ. ನಿಮ್ಮ ಮನೆಯ ಹಾಲ್‌ನ ಸ್ವಿಚ್ ಬೋರ್ಡಿನಲ್ಲಿ ಎಡದಿಂದ ಮೂರನೇ ಸ್ವಿಚ್ ಯಾವುದರದ್ದು? ಉತ್ತರ ಹುಡುಕುವ ಆ ಗಳಿಗೆ ಕಣ್ಣು ಈ ಸಾಲಿನ ಮೇಲೆಯೇ ಇತ್ತು, ಆದರೆ ಅಕ್ಷರ ಕಂಡಿರಲಿಕ್ಕಿಲ್ಲ.

ಈಗ ಮೋಟಾರ್ ರಿಪೇರಿಯವರ ಫೋನ್ ಕೇಳಿ.

'ಅಣ್ಣಾ, ಮೂರು ಲೈಟೂ ಉರೀತಿದೆ. ಹಸಿರು ಬಟನ್ ಒತ್ತಿದ್ರೆ ಗುಂಯ್ ಅನ್ನತ್ತೆ, ಆಮೇಲೆ ಟಪ್ ಅಂತ ಬಿದ್ದೋಗತ್ತೆ.'

'ಫ್ಯೂಸ್ ನೋಡಿದ್ರಾ? ನಡುವಿಂದು? ಶಾಫ್ಟ್ ಕೈಯಲ್ಲಿ ತಿರುಗತ್ತಾ?'

ಇದು 'ಊಟ ಆಯ್ತಾ' ಅನ್ನುವ ಮಾತಲ್ಲ. ಇದಕ್ಕೆ ಉತ್ತರ ಕೊಡಬೇಕಾದರೆ ಆತ ಮನಸ್ಸಿನಲ್ಲೇ ಆ ಪಂಪ್‌ಹೌಸಿಗೆ ಹೋಗಬೇಕು, ಸ್ಟಾರ್ಟರ್ ಡಬ್ಬಿ ತೆರೆಯಬೇಕು, ಮೂರು ವೈರನ್ನು ಒಂದೊಂದಾಗಿ ನೋಡಬೇಕು. ಅಷ್ಟು ಹೊತ್ತು ಬೇಲೂರು ರಸ್ತೆಯ ಹಂಪು, ಅಡ್ಡ ಬಂದ ದನ, ತಿರುವಿನಲ್ಲಿ ನುಗ್ಗಿ ಬರುವ ಬಸ್ಸು ಕಣ್ಣಿಗೆ ಬಿದ್ದರೂ ತಲೆಗೆ ಹೋಗದೇ ಇರಬಹುದು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. 2016ರಲ್ಲಿ ಬ್ರಿಟನ್ನಿನ ಜೆಮ್ಮಾ ಬ್ರಿಗ್ಸ್, ಗ್ರಹಾಂ ಹೋಲ್ ಮತ್ತು ಮೈಕಲ್ ಲ್ಯಾಂಡ್ ಇದನ್ನೇ ಡ್ರೈವಿಂಗ್ ಸಿಮ್ಯುಲೇಟರ್‌ನಲ್ಲಿ ಪರೀಕ್ಷಿಸಿ ಪ್ರಕಟಿಸಿದರು. ಮನಸ್ಸಿನಲ್ಲಿ ಚಿತ್ರ ಮೂಡಿಸಿಕೊಳ್ಳಲೇಬೇಕಾದ ಪ್ರಶ್ನೆ ಕೇಳಿದಾಗ ಚಾಲಕರ ಕಣ್ಣು ಓಡಾಡುವ ಜಾಗವೇ ಕಿರಿದಾಯಿತು, ಅಪಾಯಗಳು ಜಾಸ್ತಿ ತಪ್ಪಿಹೋದವು. ಕುಶಲಕರ್ಮಿಯ ಕಸುಬಿನ ಮಾತು ಹರಟೆಗಿಂತ ಅಪಾಯ ಅನ್ನುವುದು ನನ್ನ ವಾದ. ಆತ ಎಷ್ಟು ಒಳ್ಳೆಯ ಕೆಲಸಗಾರನೋ ಮನಸ್ಸಿನ ಚಿತ್ರ ಅಷ್ಟೇ ನಿಚ್ಚಳ, ತೊಂದರೆಯೂ ಅಷ್ಟೇ.

'ಪಕ್ಕದಲ್ಲಿ ಹೆಲ್ಪರ್ ಕೂತು ಮಾತಾಡ್ತಾನಲ್ಲ, ಅದು?' ಎಂದು ಕೇಳುವವರಿದ್ದಾರೆ. ಅವನಿಗೂ ರಸ್ತೆ ಕಾಣುತ್ತದೆ. ಲಾರಿ ಬಂದರೆ ತಾನಾಗಿ ಸುಮ್ಮನಾಗುತ್ತಾನೆ, 'ಅಣ್ಣಾ, ನೋಡಿ' ಅನ್ನುತ್ತಾನೆ. ತೋಟದಲ್ಲಿ ನಿಂತವರಿಗೆ ಲಾರಿ ಕಾಣುವುದಿಲ್ಲ, ಅವರ ಪ್ರಶ್ನೆಯೂ ನಿಲ್ಲುವುದಿಲ್ಲ. ಯೂಟಾದವರು 2008ರಲ್ಲಿ ಇದನ್ನೂ ನೋಡಿದ್ದಾರೆ. ಮುಂದೆ ಸಿಗುವ ವಿಶ್ರಾಂತಿ ತಾಣದಲ್ಲಿ ಗಾಡಿ ತಿರುಗಿಸಿ ಅಂತ ಚಾಲಕರಿಗೆ ಹೇಳಿದ್ದರು. ಫೋನಿನಲ್ಲಿದ್ದ ಚಾಲಕರಲ್ಲಿ ಅರ್ಧದಷ್ಟು ಜನ ಅದನ್ನು ದಾಟಿಕೊಂಡು ಹೋಗಿಬಿಟ್ಟರು. ಪಕ್ಕದಲ್ಲಿ ಗೆಳೆಯ ಇದ್ದವರಲ್ಲಿ ಹೆಚ್ಚಿನವರು ಸರಿಯಾಗಿ ತಿರುಗಿದರು.

ಫೋನ್ ಎತ್ತದಿದ್ದರೆ ಗಿರಾಕಿ ಬೇರೆಯವರ ಹತ್ತಿರ ಹೋಗುತ್ತಾರೆ ಅನ್ನುವ ಭಯ ನಿಜ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲದೆ ಹೋದ ಕರೆಗಳಿಂದ ಯಾರ ಅಂಗಡಿಯೂ ಮುಚ್ಚಿದ್ದು ನಾನು ಕಂಡಿಲ್ಲ. ಫೋನಿನಲ್ಲಿ ಡ್ರೈವಿಂಗ್ ಮೋಡ್ ಇದ್ದರೆ ಹಾಕಿಬಿಡಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ ತಾನಾಗಿ ಉತ್ತರ ಹೋಗುವ ಸೌಲಭ್ಯವಿದೆ. 'ಗಾಡಿ ಓಡಿಸ್ತಿದ್ದೀನಿ, ನಿಲ್ಲಿಸಿ ಫೋನ್ ಮಾಡ್ತೀನಿ. ಫೋಟೊ ಕಳ್ಸಿ' ಅಂತ ಒಮ್ಮೆ ಬರೆದಿಟ್ಟರೆ ಸಾಕು. ಹೆಲ್ಪರ್ ಜೊತೆಗಿದ್ದರೆ ಫೋನ್ ಅವನ ಕೈಗೆ ಕೊಡಿ. ಮತ್ತೆ ಮಾಡುವ ಕರೆಗಳನ್ನೆಲ್ಲ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತಾಗ ಮುಗಿಸಬಹುದು.

ಒಂದು ಮಾತು ಮಾತ್ರ ನೆನಪಿರಲಿ. ಮಾತು ಮುಗಿದ ಕೂಡಲೇ ಗಾಡಿ ಎತ್ತಬೇಡಿ. ಕಾರಿನ ಧ್ವನಿ ಆಜ್ಞೆ ವ್ಯವಸ್ಥೆಗಳನ್ನು ಸ್ಟ್ರೇಯರ್ 2015ರಲ್ಲಿ ಪರೀಕ್ಷಿಸಿದಾಗ, ಕೆಲಸ ಮುಗಿದ ಮೇಲೂ ಗಮನ ಪೂರ್ತಿ ಮರಳಲು 27 ಸೆಕೆಂಡಿನವರೆಗೆ ಹಿಡಿದಿತ್ತು. 40ರ ವೇಗದಲ್ಲಿ ಅದು 300 ಮೀಟರ್.

ಇನ್ನು ತೋಟದವರಿಗೆ. ರಿಪೇರಿಯವರು ಫೋನ್ ಎತ್ತಿದ ಕೂಡಲೇ 'ಗಾಡಿ ಮೇಲಿದ್ದೀರಾ?' ಅಂತ ಕೇಳಿ. ಹೌದು ಅಂದರೆ ಇಟ್ಟುಬಿಡಿ. ಬೇಜಾರೇನೂ ಮಾಡಿಕೊಳ್ಳುವುದಿಲ್ಲ ಅವರು. ಆ ಹೊತ್ತಿನಲ್ಲಿ ಮೇನ್ ಸ್ವಿಚ್ ಆಫ್ ಮಾಡಿ, ಮೋಟಾರಿನ ನೇಮ್‌ಪ್ಲೇಟ್ ಒರೆಸಿ ಒಂದು ಫೋಟೊ, ಸ್ಟಾರ್ಟರಿನದ್ದು ಒಂದು ಫೋಟೊ ಕಳಿಸಿ. ಎಷ್ಟು ಎಚ್‌ಪಿ, ಕರೆಂಟ್ ಹೆಚ್ಚಾದರೆ ಮೋಟಾರ್ ನಿಲ್ಲಿಸುವ ರಿಲೇ ಎಷ್ಟು ಆಂಪಿಯರ್‌ಗೆ ಸೆಟ್ ಆಗಿದೆ ಅಂತ ಗೊತ್ತಾದರೆ ಬೇಕಾದ ಸಾಮಾನು ಪೇಟೆಯಿಂದಲೇ ಹಿಡಿದುಕೊಂಡು ಬರುತ್ತಾರೆ, ಇನ್ನೊಂದು ಸಲ ಓಡುವುದು ತಪ್ಪುತ್ತದೆ.