ತಿಂದವರ ಋಣ: ನಮ್ಮ ಸೀಮೆಯ ಮಾಂಸದೂಟದ ಹಿಂದಿನ ದಯೆ

ಹಾವೇರಿ, ಗದಗ ಕಡೆಯ ಹಳ್ಳಿಗಳಲ್ಲಿ ಗ್ರಾಮದೇವತೆ ದುರ್ಗವ್ವನಿಗೋ ದ್ಯಾಮವ್ವನಿಗೋ ಬ್ಯಾಟಿ, ಅಂದರೆ ಪ್ರಾಣಿಬಲಿ, ಮಾಡುವ ಮೊದಲು ಮರಿಗೆ ಅರಿಸಿನ-ಕುಂಕುಮ ಹಚ್ಚಿ, ಮೈಮೇಲೆ ನೀರು ಚಿಮುಕಿಸಿ ಕಾಯುತ್ತಾರೆ. ಮರಿ ಮೈ ಕೊಡವಿದರೆ ಒಪ್ಪಿಗೆ ಸಿಕ್ಕಂತೆ. ಕೊಡವದಿದ್ದರೆ ಮತ್ತೆ ನೀರು, ಮತ್ತೆ ಕೈಮುಗಿಯುವುದು. ತಣ್ಣೀರು ಬಿದ್ದರೆ ಯಾವ ಕುರಿಯಾದರೂ ಮೈ ಕೊಡವೀತು, ನಿಜ. ಆದರೂ ಕೇಳದೆ ಜೀವ ತೆಗೆಯಬಾರದೆಂಬ ಅಳುಕು ಅಲ್ಲಿದೆ. ಅದನ್ನು ಸಣ್ಣದೆನ್ನಲಾರೆ.

ಕೊಲ್ಲಲೇಬಾರದೆಂಬ ದನಿಯೂ ಈ ನೆಲದಲ್ಲಿ ಹಳೆಯದೇ. ಗದಗ ಹತ್ತಿರದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಅಹಿಂಸೆ ಸಾರುವ ಜೈನರ ಬಸದಿಯಾದ ಬ್ರಹ್ಮ ಜಿನಾಲಯ ಕಟ್ಟಿಸಿದ್ದು 1007ರಲ್ಲಿ. ಹನ್ನೆರಡನೆಯ ಶತಮಾನದ ಬಸವಣ್ಣ ಹರಕೆಯ ಕುರಿಗಾಗಿ ಮರುಗಿದರು, ದಯೆಯನ್ನೇ ಧರ್ಮದ ಮೂಲವೆಂದರು. ಕಾಲ ಕಳೆದಂತೆ ಮಾಂಸ ತಿನ್ನುವ ಮನೆ, ತಿನ್ನದ ಮನೆ ಎಂಬುದು ಜಾತಿಯ ಮೇಲು-ಕೀಳಿನ ಗುರುತಾಯಿತು. ತಿನ್ನುವವರಿಗೂ ಪ್ರಾಣಿಯ ಮೇಲೆ ಮಮತೆ ಇದ್ದೀತೆಂದು ವಿಚಾರಿಸುವವರು ಕಡಿಮೆಯಾದರು.

ಕುರುಬರನ್ನು ಕೇಳಿದ್ದರೆ ಗೊತ್ತಾಗುತ್ತಿತ್ತು. ಗೊಬ್ಬರಕ್ಕೆಂದು ಹೊಲದಲ್ಲಿ ಹಿಂಡು ತರುಬಿ, ಉಣ್ಣೆ ಕತ್ತರಿಸಿ ಕಂಬಳಿ ಮಾಡಿ ಬದುಕಿದವರು ಅವರು. ನಡೆಯಲಾರದ ಎಳೆಮರಿಯನ್ನು ಹೆಗಲ ಮೇಲೆ ಹೊತ್ತವರು. ಹಬ್ಬಕ್ಕೆ ಕುಯ್ಯುವುದೂ ಅದೇ ಹಿಂಡಿನ ಮರಿಯನ್ನು. ಸಾಕಿದ ಕೈಗೆ ಅದು ಹಗುರದ ಕೆಲಸವಲ್ಲ.

ಹುಬ್ಬಳ್ಳಿಯ ಮುಸ್ಲಿಮರ ಬಕ್ರೀದ್‌ನಲ್ಲೂ ಇದೇ ಎಚ್ಚರ ಕಟ್ಟಳೆಯಾಗಿ ಉಳಿದಿದೆ. ಪ್ರಾಣಿಯ ಕಣ್ಣೆದುರು ಚೂರಿ ಮಸೆಯಬಾರದು, ಒಂದರ ಮುಂದೆ ಇನ್ನೊಂದನ್ನು ಕೊಯ್ಯಬಾರದು, ಅಲ್ಲಾಹನ ಹೆಸರು ಹೇಳದೆ ಕುತ್ತಿಗೆಗೆ ಚೂರಿ ತಾಗಿಸಬಾರದು. ಮಾಂಸವನ್ನು ಮೂರು ಪಾಲು ಮಾಡಿ ಮನೆಗೆ, ಬಂಧುಗಳಿಗೆ, ಬಡವರಿಗೆ ಹಂಚುವುದು ರೂಢಿ.

1959ರ ಪ್ರಾಣಿಬಲಿ ತಡೆ ಕಾಯ್ದೆ ದೇವಸ್ಥಾನ ಮತ್ತು ಅದರ ಆವರಣದಲ್ಲಿ ಬಲಿಯನ್ನು ಅಪರಾಧವಾಗಿಸಿತು. ಜಾತ್ರೆಯ ಗದ್ದಲದಲ್ಲಿ ಕೋಣ ಪಡುತ್ತಿದ್ದ ಪಾಡು ನೆನೆದರೆ ಅದು ಬೇಕಾದ ಕಾಯ್ದೆಯೇ. ಆದರೆ ಮಾಂಸದೂಟ ನಿಲ್ಲಲಿಲ್ಲ. ವರ್ಷಕ್ಕೊಮ್ಮೆ ಜಾತ್ರೆಗೆ ಸಿಗುತ್ತಿದ್ದದ್ದು ವಾರವಾರದ ಅಡುಗೆಯಾಯಿತು. ಬಲಿಯ ಜೊತೆಗಿದ್ದ ನೀರು, ಕೈಮುಗಿತ, ಎಡೆ ಯಾವುದೂ ಅಂಗಡಿಯ ಪ್ಲಾಸ್ಟಿಕ್ ಚೀಲದೊಳಗೆ ಬರಲಿಲ್ಲ.

2001ರ ಕಸಾಯಿಖಾನೆ ನಿಯಮಗಳು ಗಬ್ಬದ ಪ್ರಾಣಿಯನ್ನು, ಮೂರು ತಿಂಗಳೊಳಗಿನ ಮರಿಯನ್ನು ಕೊಲ್ಲಬಾರದು, ಒಂದರ ಕಣ್ಣೆದುರು ಇನ್ನೊಂದನ್ನು ಕೊಲ್ಲಬಾರದು ಎನ್ನುತ್ತವೆ. ಭಾನುವಾರ ಕೋಳಿ ಅಂಗಡಿ ಮುಂದೆ ಪಾಳಿ ಹಚ್ಚಿದವರೆಲ್ಲ ನೋಡಿದ್ದಾರೆ: ಕೊಯ್ಯುವ ಜಾಗಕ್ಕೂ ಪಂಜರಕ್ಕೂ ನಡುವೆ ಎಷ್ಟೋ ಕಡೆ ಒಂದು ಪರದೆಯೂ ಇರುವುದಿಲ್ಲ. ಪರದೆ ಕಟ್ಟಿ, ಪಂಜರದಲ್ಲಿ ನೀರಿಡಿ ಎಂದು ಅಂಗಡಿಯವರಿಗೆ ಹೇಳುವ ಹಕ್ಕು ಕೊಳ್ಳುವವರಿಗಿದೆ. ಹುಬ್ಬಳ್ಳಿ-ಧಾರವಾಡದ ನಾವು ಅದನ್ನು ಗಟ್ಟಿಯಾಗಿ ಕೇಳತೊಡಗಬೇಕು.